ನೆಲೆಯೂರಿದ ಆಮ್ಲ

ಒಂದೇ ಬಗೆಯ ಅಥವಾ ಎರಡು ಮೂರು ಬಗೆಯ ಸಣ್ಣ ಅಣುಗಳು ಹತ್ತಾರು, ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದರ ತುದಿಗೊಂದು ಬೆಸೆದುಕೊಂಡಾಗ ಉಂಟಾಗುವ ಉದ್ದನೆಯ ಅಣುವನ್ನು ಪಾಲಿಮರ್ ಎಂದೂ, ಅದಕ್ಕೆ ಒದಗಿಬಂದ ಸಣ್ಣ ಅಣುಗಳನ್ನು ಮಾನೊಮರ್ ಎಂದೂ ಕರೆಯಲಾಗುತ್ತದೆ. ಮಾನೊಮರ್‌ಗಳನ್ನು ಪಾತ್ರೆಯೊಂದರಲ್ಲಿ ತುಂಬಿಟ್ಟ ಮಾತ್ರಕ್ಕೆ ಅವು ಸರಪಳಿಯಾಗುವುದಿಲ್ಲ; ಮೊದಲ ಅಣುವಿನ ಬಂಧವನ್ನು ಸಡಿಲಿಸಿ, ಅದರ ಒಂದು ತುದಿಯನ್ನು ಬೇರೊಂದು ಅಣುವಿಗಾಗಿ ತೆರೆದಿಡುವ ಕ್ರಿಯಾವರ್ಧಕವೊಂದು ಬೇಕಾಗುತ್ತದೆ. ಈ ಕೆಲಸಕ್ಕೆ ಬಳಕೆಯಾಗುವ ಕ್ರಿಯಾವರ್ಧಕಗಳಲ್ಲಿ ಆಮ್ಲಗಳು ಬಹಳ ಹಳೆಯವು. ಆದರೆ ಆಮ್ಲವನ್ನು ದ್ರವವಾಗಿ ಬೆರೆಸಿದಾಗ ನಡೆಯುವುದಕ್ಕೂ, ಅದನ್ನು ಒಂದು ಘನವಸ್ತುವಿನ ಮೈಗೆ ಕಟ್ಟಿಹಾಕಿ, ಮಾನೊಮರ್ ತಾನಾಗಿ ಅದರ ಬಳಿಗೆ ಬರುವಂತೆ ಮಾಡಿದಾಗ ನಡೆಯುವುದಕ್ಕೂ ಇರುವ ಅಂತರ ದೊಡ್ಡದು. ಪಾಲಿಮರ್ ಉದ್ಯಮದ ಕೆಲವು ಮುಖ್ಯ ಅಧ್ಯಾಯಗಳು ಈ ಅಂತರದಿಂದಲೇ ಹುಟ್ಟಿವೆ.

ಆಮ್ಲ ಮಾಡುವ ಕೆಲಸವನ್ನು ಐಸೊಬ್ಯುಟಿಲೀನ್ ಎಂಬ ಅನಿಲದಲ್ಲಿ ಸ್ಪಷ್ಟವಾಗಿ ಕಾಣಬಹುದು. ನಾಲ್ಕು ಇಂಗಾಲದ ಪರಮಾಣುಗಳಿರುವ ಈ ಅಣುವಿನಲ್ಲಿ ಎರಡು ಇಂಗಾಲಗಳ ನಡುವೆ ದ್ವಿಬಂಧವಿದೆ, ಅಂದರೆ ಅಲ್ಲಿ ಎರಡು ಜೋಡಿ ಎಲೆಕ್ಟ್ರಾನ್‌ಗಳು ಸೇರಿವೆ. ಆಮ್ಲವು ತನ್ನಲ್ಲಿರುವ ಪ್ರೋಟಾನನ್ನು, ಎಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೊಜನ್ ಪರಮಾಣುವನ್ನು, ಆ ದ್ವಿಬಂಧಕ್ಕೆ ಕೊಟ್ಟಾಗ ಒಂದು ಇಂಗಾಲ ಆ ಪ್ರೋಟಾನನ್ನು ಪಡೆಯುತ್ತದೆ, ಇನ್ನೊಂದು ಇಂಗಾಲ ಎಲೆಕ್ಟ್ರಾನ್ ಕೊರತೆಯಿಂದ ಧನ ವಿದ್ಯುದಂಶ ಹೊತ್ತು ನಿಲ್ಲುತ್ತದೆ. ಹೀಗೆ ಧನ ವಿದ್ಯುದಂಶ ಹೊತ್ತ ಇಂಗಾಲವು ಹತ್ತಿರದ ಮತ್ತೊಂದು ಐಸೊಬ್ಯುಟಿಲೀನಿನ ದ್ವಿಬಂಧದಿಂದ ಎಲೆಕ್ಟ್ರಾನ್ ಸೆಳೆದುಕೊಂಡು ಅದರೊಡನೆ ಬೆಸೆಯುತ್ತದೆ. ಆಗ ಕೊರತೆ ಹೊಸ ಅಣುವಿನ ತುದಿಗೆ ದಾಟುತ್ತದೆ, ಅದು ಮುಂದಿನದನ್ನು ಸೆಳೆಯುತ್ತದೆ. ಅಮೆರಿಕದ ರಸಾಯನವಿಜ್ಞಾನಿ ಫ್ರಾಂಕ್ ವಿಟ್‌ಮೋರ್ 1934ರಲ್ಲಿ ಆಮ್ಲಗಳಿಂದ ಇಂಥ ಅಣುಗಳು ಸರಪಳಿಯಾಗುವ ಬಗೆಯನ್ನು ಈ ದಾರಿಯಲ್ಲೇ ವಿವರಿಸಿದರು. ಸರಪಳಿ ಬೆಳೆಯುವುದು ನಿಂತಾಗ ತುದಿಯ ಅಣು ಒಂದು ಪ್ರೋಟಾನನ್ನು ಬಿಟ್ಟುಕೊಡುತ್ತದೆ, ಆ ಪ್ರೋಟಾನ್ ಮತ್ತೊಂದು ಸರಪಳಿಯನ್ನು ಆರಂಭಿಸಬಲ್ಲದು. ಆದ್ದರಿಂದ ಆಮ್ಲ ಇಲ್ಲಿ ಖರ್ಚಾಗುವ ಸರಕಾಗಿರದೆ ನಿಜವಾದ ಅರ್ಥದಲ್ಲಿ ಕ್ರಿಯಾವರ್ಧಕವಾಗಿರುತ್ತದೆ.

ಕಾಗದದ ಮೇಲೆ ಇಷ್ಟು ಸರಳವಾಗಿರುವ ಈ ಕ್ರಿಯೆ ಕಾರ್ಖಾನೆಯಲ್ಲಿ ತೊಡಕಾಗುವುದು ಅದು ಮುಗಿದ ಮೇಲೆ. ಸಣ್ಣ ಅಣುಗಳನ್ನು ತಯಾರಿಸುವವರು ಉತ್ಪನ್ನವನ್ನು ಬಟ್ಟಿ ಇಳಿಸಿ ಆಮ್ಲವನ್ನು ಹಿಂದೆ ಉಳಿಸಬಹುದು, ಅಥವಾ ಹರಳುಗಟ್ಟಿಸಿ ಬೇರ್ಪಡಿಸಬಹುದು. ಪಾಲಿಮರನ್ನು ಬಟ್ಟಿ ಇಳಿಸಲಾಗದು, ಬಹುಪಾಲು ಪಾಲಿಮರ್‌ಗಳನ್ನು ಶುದ್ಧ ಹರಳಾಗಿ ಪಡೆಯಲೂ ಆಗದು. ಜೇನಿನಂತೆ ಮಂದವಾದ ದ್ರವದಲ್ಲೋ ಅಂಟಂಟಾದ ಮುದ್ದೆಯಲ್ಲೋ ಆಮ್ಲದ ಶೇಷ ಸಿಕ್ಕಿಕೊಂಡಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಬಣ್ಣ ಕೆಡುತ್ತದೆ, ಮುಂದೆ ಬಿಸಿ ಮಾಡಿದಾಗ ಸರಪಳಿಗಳು ತುಂಡಾಗುತ್ತವೆ, ಲೋಹದ ಅಚ್ಚುಗಳು ಸವೆಯುತ್ತವೆ. ಆದಕಾರಣ ಕ್ಷಾರ ಬೆರೆಸಿ ಆಮ್ಲವನ್ನು ತಟಸ್ಥಗೊಳಿಸಬೇಕು, ಆಗ ಹುಟ್ಟಿದ ಲವಣವನ್ನು ನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು, ತೊಳೆದ ನೀರನ್ನು ಸಂಸ್ಕರಿಸಬೇಕು, ಕೊನೆಗೆ ಪಾಲಿಮರನ್ನು ಒಣಗಿಸಬೇಕು. ಅಲ್ಯೂಮಿನಿಯಂ ಕ್ಲೋರೈಡ್ ಬಳಸಿದರೆ ತೊಳೆಯುವಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೋಳೆ ಉಂಟಾಗುತ್ತದೆ. ಬೋರಾನ್ ಟ್ರೈಫ್ಲೂರೈಡ್ ಬಳಸಿದರೆ ತ್ಯಾಜ್ಯನೀರಿನಲ್ಲಿ ಫ್ಲೂರೈಡ್ ಸೇರುತ್ತದೆ. ಒಮ್ಮೆ ಕೆಲಸ ಮಾಡಿದ ಕ್ರಿಯಾವರ್ಧಕ ಎರಡನೆಯ ಸಲಕ್ಕೆ ಒದಗದೆ ನಾಶವಾಗುತ್ತದೆ ಎಂಬುದು ಇದಕ್ಕೆಲ್ಲ ಕಳಶವಿಟ್ಟಂಥ ನಷ್ಟ.

ಘನಾಮ್ಲದ ವಿಚಾರ ಹುಟ್ಟಿದ್ದು ಈ ತೊಳೆಯುವ ಕೆಲಸದಿಂದ ಬಿಡುಗಡೆ ಪಡೆಯುವ ಬಯಕೆಯಲ್ಲಿ ಎನ್ನಬಹುದಾದರೂ, ಅದರ ರಾಸಾಯನಿಕ ಆಧಾರವನ್ನು ತಿಳಿಯಲು ಆಮ್ಲವೆಂದರೇನು ಎಂಬುದನ್ನು ಸ್ವಲ್ಪ ವಿಸ್ತರಿಸಿ ನೋಡಬೇಕು. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಪ್ರೋಟಾನನ್ನು ಕೊಡಬಲ್ಲ ಯಾವುದೇ ವಸ್ತು ಆಮ್ಲವೆಂದು ಹೇಳಿದರು. ಅದೇ ವರ್ಷ ಅಮೆರಿಕದ ಗಿಲ್ಬರ್ಟ್ ಲೂಯಿಸ್, ಬೇರೊಂದು ಅಣುವಿನಿಂದ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸಬಲ್ಲದ್ದೆಲ್ಲ ಆಮ್ಲವೆಂದರು. ಈ ಎರಡು ವ್ಯಾಖ್ಯೆಗಳಲ್ಲಿ ಎಲ್ಲಿಯೂ ಆಮ್ಲವು ದ್ರವವಾಗಿರಬೇಕು, ನೀರಿನಲ್ಲಿ ಕರಗಿರಬೇಕು ಎಂಬ ನಿಬಂಧನೆ ಇಲ್ಲ. ಒಂದು ಕಲ್ಲಿನ ಪುಡಿಯ ಮೇಲ್ಮೈಯಲ್ಲಿ ಪ್ರೋಟಾನ್ ಕೊಡಬಲ್ಲ ತಾಣಗಳಿದ್ದರೆ ಆ ಕಲ್ಲು ಆಮ್ಲವೇ. ಇಂಥ ತಾಣಗಳು ಮೂರು ರೀತಿಯಲ್ಲಿ ಸಿಗುತ್ತವೆ: ಕೆಲವು ಖನಿಜಗಳಿಗೆ ಅವು ತಮ್ಮ ರಚನೆಯಿಂದಲೇ ಬಂದಿರುತ್ತವೆ, ಕೆಲವು ಸಂದರ್ಭಗಳಲ್ಲಿ ದ್ರವಾಮ್ಲವನ್ನು ರಂಧ್ರಮಯವಾದ ತಟಸ್ಥ ವಸ್ತುವಿಗೆ ಕುಡಿಸಿ ಸುಡಲಾಗುತ್ತದೆ, ಇನ್ನು ಕೆಲವೆಡೆ ಆಮ್ಲದ ಗುಂಪನ್ನು ರಾಸಾಯನಿಕ ಬಂಧದಿಂದಲೇ ಘನವಸ್ತುವಿಗೆ ಹೊಲಿಯಲಾಗುತ್ತದೆ. ಆಮ್ಲವನ್ನು ಹೊತ್ತು ನಿಲ್ಲುವ ಘನವಸ್ತುವಿಗೆ ಆಧಾರವೆಂದು ಹೆಸರು.

ಮೊದಲ ಬಗೆಗೆ ಶ್ರೇಷ್ಠ ಉದಾಹರಣೆ ಜೇಡಿಮಣ್ಣು. ಫ್ರಾನ್ಸಿನ ಮೊಂಮೊರಿಯೊಂ ಎಂಬ ಊರಿನ ಹೆಸರಿನಿಂದ 1847ರಲ್ಲಿ ಮಾಂಟ್‌ಮೊರಿಲೊನೈಟ್ ಎಂದು ಕರೆಸಿಕೊಂಡ ಖನಿಜವು ಬೆಂಟೊನೈಟ್ ಎಂಬ ಜೇಡಿಮಣ್ಣಿನ ಮುಖ್ಯ ಭಾಗ; ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಇದೇ ಬಳಗದ್ದು. ತಾಳೆಗರಿಯ ಕಟ್ಟಿನಲ್ಲಿ ಗರಿಯ ಮೇಲೆ ಗರಿ ಕುಳಿತಂತೆ, ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳು ಇದರಲ್ಲಿ ಒಂದರ ಮೇಲೊಂದು ಕುಳಿತಿವೆ. ಪ್ರತಿ ಹಾಳೆಯೂ ಮೂರು ಪದರಗಳದ್ದು: ಹೊರಗಿನ ಎರಡರಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ, ನಡುವಿನದರಲ್ಲಿ ಅಲ್ಯೂಮಿನಿಯಂ ಮತ್ತು ಆಮ್ಲಜನಕ. ನಡುವಿನ ಪದರದಲ್ಲಿ ಮೂರು ಧನ ವಿದ್ಯುದಂಶವಿರುವ ಅಲ್ಯೂಮಿನಿಯಮ್ಮಿನ ಜಾಗದಲ್ಲಿ ಅಲ್ಲಲ್ಲಿ ಎರಡೇ ಧನ ವಿದ್ಯುದಂಶವಿರುವ ಮೆಗ್ನೀಸಿಯಂ ಕುಳಿತಿರುವುದರಿಂದ ಹಾಳೆಯ ಲೆಕ್ಕ ತಪ್ಪಿ, ಅದಕ್ಕೆ ಋಣ ವಿದ್ಯುದಂಶ ಉಳಿದುಬಿಡುತ್ತದೆ. ಆ ಕೊರತೆಯನ್ನು ತುಂಬಲು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಹಾಳೆಗಳ ನಡುವಿನ ಸಂದಿನಲ್ಲಿ ನೀರಿನೊಡನೆ ಸೇರಿಕೊಂಡಿರುತ್ತವೆ. ಈ ಅಯಾನುಗಳು ಸಡಿಲವಾಗಿವೆ, ಬದಲಾಯಿಸಬಹುದಾದವು. ಮಣ್ಣನ್ನು ಗಂಧಕಾಮ್ಲದಲ್ಲೋ ಹೈಡ್ರೊಕ್ಲೋರಿಕ್ ಆಮ್ಲದಲ್ಲೋ ಕಾಯಿಸಿದಾಗ ಅವುಗಳ ಜಾಗಕ್ಕೆ ಪ್ರೋಟಾನ್‌ಗಳು ಬರುತ್ತವೆ, ನಡುಪದರದ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಸ್ವಲ್ಪ ಮಟ್ಟಿಗೆ ಕರಗಿ ಹೋಗಿ ಹಾಳೆಗಳ ಅಂಚು ತೆರೆದುಕೊಳ್ಳುತ್ತದೆ, ಒಂದು ಗ್ರಾಂ ಮಣ್ಣಿನ ಮೇಲ್ಮೈ 200ರಿಂದ 300 ಚದರ ಮೀಟರಿನಷ್ಟಾಗುತ್ತದೆ. ಅಡುಗೆ ಎಣ್ಣೆಯ ಕಾರ್ಖಾನೆಗಳು ಎಣ್ಣೆಯ ಬಣ್ಣ ತೆಗೆಯಲು ಬಳಸುವ ಮಣ್ಣು ಹೀಗೆ ಆಮ್ಲದಿಂದ ಹದಗೊಂಡದ್ದೇ.

ಬಣ್ಣ ತೆಗೆಯುವ ಈ ಮಣ್ಣಿಗೆ ಬೇರೊಂದು ಶಕ್ತಿಯೂ ಇದೆ ಎಂಬುದು ಪೆಟ್ರೋಲಿಯಂ ಶುದ್ಧೀಕರಿಸುವವರ ಗಮನಕ್ಕೆ ಬಂದದ್ದು 20ನೆಯ ಶತಮಾನದ ಮೊದಲ ದಶಕಗಳಲ್ಲಿ. ರಷ್ಯಾದ ಗುರ್ವಿಚ್ 1910ರ ದಶಕದಲ್ಲಿ, ದ್ವಿಬಂಧವಿರುವ ಹೈಡ್ರೊಕಾರ್ಬನ್‌ಗಳು ಒಣಗಿಸಿದ ಮಣ್ಣನ್ನು ಮುಟ್ಟಿದಾಗ ಬಿಸಿಯೇರಿ ದೊಡ್ಡ ಅಣುಗಳಾಗುವುದನ್ನು ಕಂಡರು. ಮುಂದೆ, ಕೃತಕ ರಬ್ಬರಿನ ಕೆಲಸಕ್ಕೆ ಹೆಸರಾದ ಲೆಬೆಡೆವ್ ಲೆನಿನ್‌ಗ್ರಾಡಿನಲ್ಲಿ, ಅಮೆರಿಕದ ಫ್ಲೋರಿಡಾದಿಂದ ಬರುತ್ತಿದ್ದುದರಿಂದ ಫ್ಲೋರಿಡಿನ್ ಎನ್ನಿಸಿಕೊಂಡ ಮಣ್ಣಿನ ಮೇಲೆ ಐಸೊಬ್ಯುಟಿಲೀನನ್ನು ಹಾಯಿಸಿ, ಎರಡು, ಮೂರು ಮತ್ತು ಅದಕ್ಕೂ ಹೆಚ್ಚು ಘಟಕಗಳು ಸೇರಿದ ಅಣುಗಳನ್ನು ಪಡೆದರು. ಇದಕ್ಕೆ ತೀರ ವಿರುದ್ಧವಾದ ಕೆಲಸಕ್ಕೂ ಇದೇ ಬಗೆಯ ಮಣ್ಣು ಒದಗಿತೆಂಬುದು ಗಮನಿಸಬೇಕಾದ ಸಂಗತಿ. ಯೂಜೀನ್ ಹೂಡ್ರಿಯ ವಿಧಾನದಲ್ಲಿ, 1937ರಲ್ಲಿ ಅಮೆರಿಕದ ಮಾರ್ಕಸ್ ಹುಕ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯತೊಡಗಿದ ಘಟಕವು ಆಮ್ಲದಿಂದ ಹದಗೊಳಿಸಿದ ಜೇಡಿಮಣ್ಣಿನ ಮೇಲೆ ಭಾರವಾದ ತೈಲದ ಉದ್ದ ಅಣುಗಳನ್ನು ಒಡೆದು ಪೆಟ್ರೋಲ್ ಮಾಡುತ್ತಿತ್ತು. ಅಣುಗಳು ಬೆಸೆಯುವಾಗ ಶಾಖ ಹೊರಬರುವುದರಿಂದ ತಂಪಾದ ಸ್ಥಿತಿ ಬೆಸೆಯುವುದಕ್ಕೆ ಅನುಕೂಲ. 450 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಒಡೆಯುವುದೇ ಮೇಲುಗೈ. ಕ್ರಿಯಾವರ್ಧಕವು ಎರಡೂ ದಿಕ್ಕಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ದಿಕ್ಕನ್ನು ತೀರ್ಮಾನಿಸುವುದು ತಾಪವೂ ಒತ್ತಡವೂ. ಈ ಅಂಶ ಮುಂದೆ ಮತ್ತೆ ಎದುರಾಗಲಿದೆ.

ಎರಡನೆಯ ಬಗೆಯ, ಅಂದರೆ ಆಧಾರಕ್ಕೆ ದ್ರವಾಮ್ಲ ಕುಡಿಸಿದ ಕ್ರಿಯಾವರ್ಧಕದ ಚರಿತ್ರೆ ವ್ಲಾಡಿಮಿರ್ ಇಪಾಟಿಯೆಫ್ ಅವರ ಹೆಸರಿನೊಡನೆ ಸೇರಿಕೊಂಡಿದೆ. 1867ರಲ್ಲಿ ಮಾಸ್ಕೊದಲ್ಲಿ ಹುಟ್ಟಿ, ಹೆಚ್ಚಿನ ಒತ್ತಡದಲ್ಲಿ ನಡೆಯುವ ಕ್ರಿಯೆಗಳ ಅಧ್ಯಯನಕ್ಕೆ ತಳಹದಿ ಹಾಕಿದ ಈ ವಿಜ್ಞಾನಿ 1930ರಲ್ಲಿ ಸೋವಿಯತ್ ದೇಶವನ್ನು ಬಿಟ್ಟು ಬಂದು ಷಿಕಾಗೊದ ಯೂನಿವರ್ಸಲ್ ಆಯಿಲ್ ಪ್ರಾಡಕ್ಟ್ಸ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ತೈಲವನ್ನು ಒಡೆಯುವ ಘಟಕಗಳಿಂದ ಹೊರಬರುತ್ತಿದ್ದ ಪ್ರೊಪಿಲೀನ್ ಮತ್ತು ಬ್ಯುಟಿಲೀನ್ ಅನಿಲಗಳನ್ನು ಅಂದು ಉರಿಸಿ ಮುಗಿಸುವ ರೂಢಿ ಇತ್ತು. ಡಯಾಟಮ್ ಎಂಬ ಸೂಕ್ಷ್ಮ ಜಲಸಸ್ಯಗಳ ಸಿಲಿಕಾ ಕವಚಗಳು ಸೇರಿ ಆದ ಕೀಸೆಲ್‌ಗೂರ್ ಎಂಬ ಹಗುರ ಮಣ್ಣಿಗೆ ಫಾಸ್ಫೊರಿಕ್ ಆಮ್ಲವನ್ನು ಕಲಸಿ, ಕಡ್ಡಿಗಳಂತೆ ಒತ್ತಿ, ಸುಟ್ಟು ಮಾಡಿದ ಕ್ರಿಯಾವರ್ಧಕದ ಮೇಲೆ ಇಪಾಟಿಯೆಫ್ ಮತ್ತು ಅವರ ಸಹೋದ್ಯೋಗಿಗಳು ಆ ಅನಿಲಗಳನ್ನು ಸುಮಾರು 200 ಡಿಗ್ರಿ ತಾಪದಲ್ಲಿ, ಒತ್ತಡದಲ್ಲಿ ಹಾಯಿಸಿದಾಗ ಅವು ಎರಡೆರಡು, ಮೂರು ಮೂರು ಸೇರಿ ಒಳ್ಳೆಯ ಪೆಟ್ರೋಲ್ ಆದವು. ಆರೆಂಟು ಇಂಗಾಲಗಳ ಈ ಅಣುಗಳನ್ನು ಇಂದಿನ ಅರ್ಥದಲ್ಲಿ ಪಾಲಿಮರ್ ಎನ್ನಲಾಗದಿದ್ದರೂ, ಶುದ್ಧೀಕರಣ ಘಟಕಗಳ ಮಾತಿನಲ್ಲಿ ಅದು ಇವತ್ತಿಗೂ ಪಾಲಿಮರ್ ಗ್ಯಾಸೊಲಿನ್. ನಾಲ್ಕು ಪ್ರೊಪಿಲೀನ್‌ಗಳು ಸೇರಿದ ಹನ್ನೆರಡು ಇಂಗಾಲದ ಅಣುವನ್ನು ಬೆಂಜೀನಿಗೆ ಜೋಡಿಸಿ ಬಟ್ಟೆ ತೊಳೆಯುವ ಪುಡಿ ಮಾಡುವ ಉದ್ಯಮವೂ ಇದರಿಂದ ಬೆಳೆಯಿತು. ಕವಲೊಡೆದ ಆ ಅಣುಗಳನ್ನು ಬ್ಯಾಕ್ಟೀರಿಯಾಗಳು ಸುಲಭವಾಗಿ ಒಡೆಯಲಾರದೆ ಯುರೋಪಿನ ನದಿಗಳಲ್ಲಿ ನೊರೆ ನಿಂತದ್ದರಿಂದ 1960ರ ದಶಕದಲ್ಲಿ ನೇರ ಸರಪಳಿಯ ಅಣುಗಳಿಗೆ ಉದ್ಯಮ ಹೊರಳಬೇಕಾಯಿತು.

ಈ ಫಾಸ್ಫೊರಿಕ್ ಆಮ್ಲದ ಕಡ್ಡಿಗಳನ್ನು ನಡೆಸುವುದರಲ್ಲಿ ಒಂದು ಸೂಕ್ಷ್ಮವಿದೆ. ಅದರಲ್ಲಿರುವ ಆಮ್ಲ ಪೂರ್ಣ ಒಣಗಿದರೆ ಅಣುಗಳು ತಮ್ಮತಮ್ಮಲ್ಲೇ ಕೂಡಿ ಪ್ರೋಟಾನ್ ಕೊಡುವ ಗುಣವನ್ನು ಕಳೆದುಕೊಳ್ಳುತ್ತವೆ. ನೀರು ಹೆಚ್ಚಾದರೆ ಕಡ್ಡಿ ಮೆತ್ತಗಾಗಿ, ಉಬ್ಬಿ, ಕೊಳವೆಯೊಳಗೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಒಳಬರುವ ಅನಿಲದಲ್ಲಿ ನೀರಿನ ಆವಿಯ ಪ್ರಮಾಣವನ್ನು ಅಳೆದು ಹಿಡಿದಿಡಬೇಕು. ಆಮ್ಲವನ್ನು ಘನದ ಮೇಲೆ ಕೂರಿಸಿದ್ದು ತೊಳೆಯುವ ಕೆಲಸವನ್ನು ತಪ್ಪಿಸಿತು, ಅದರ ಬದಲಿಗೆ ಆ ಘನದ ಆರೋಗ್ಯವನ್ನು ಕಾಯುವ ಕೆಲಸವನ್ನು ಹೊರಿಸಿತು. ಘನಾಮ್ಲಗಳ ಬಗೆಗೆ ಬರೆಯುವವರು ಮೊದಲಿನದನ್ನು ಹೊಗಳುವಷ್ಟು ಎರಡನೆಯದನ್ನು ಹೇಳುವುದಿಲ್ಲ ಎಂಬುದು ವಿಷಾದದ ಮಾತು.

ಇಷ್ಟೊಂದು ಒಳ್ಳೆಯ ಗುಣಗಳಿದ್ದರೂ ಘನಾಮ್ಲದ ಮೇಲೆ ಸರಪಳಿ ಗಿಡ್ಡವಾಗಿಯೇ ಉಳಿಯುವುದೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಈ ವಿಷಯದ ತಿರುಳಿರುವುದು ಅದರ ಉತ್ತರದಲ್ಲಿ. ಧನ ವಿದ್ಯುದಂಶ ಹೊತ್ತ ತುದಿಗೆ ಎಲ್ಲಿಯೇ ಆದರೂ ಒಂದು ಋಣ ಅಯಾನು ಜೊತೆಯಾಗಿರಲೇಬೇಕು. ದ್ರವದಲ್ಲಿ ಆ ಜೊತೆಗಾರ ತುದಿಯೊಂದಿಗೆ ಅಲೆದಾಡುತ್ತದೆ, ಅವೆರಡರ ನಡುವೆ ದ್ರಾವಕದ ಅಣುಗಳು ಸೇರಿ ಅಂತರ ಉಂಟಾಗಬಹುದು, ಆ ಅಂತರದಲ್ಲಿ ಮಾನೊಮರ್‌ಗಳು ಒಂದಾದ ಮೇಲೊಂದು ನುಗ್ಗಬಹುದು. ಘನಾಮ್ಲದಲ್ಲಿ ಋಣ ವಿದ್ಯುದಂಶವಿರುವುದು ಕಲ್ಲಿನ ಮೈಯಲ್ಲೇ, ಅದು ಕದಲದು. ಬೆಳೆಯುವ ತುದಿ ಆ ಮೈಗೆ ಆತುಕೊಂಡೇ ಇರಬೇಕಾಗುತ್ತದೆ, ಹಾಗಿರುವಾಗ ತನ್ನ ಪ್ರೋಟಾನನ್ನು ಹತ್ತಿರವೇ ಇರುವ ಆಮ್ಲಜನಕಕ್ಕೆ ಮರಳಿ ಕೊಟ್ಟುಬಿಡುವುದು ಅದಕ್ಕೆ ಸುಲಭ. ಕೊಟ್ಟ ಕೂಡಲೇ ಸರಪಳಿ ಕಳಚಿ ಹೋಗುತ್ತದೆ, ತಾಣ ಹೊಸ ಸರಪಳಿಗೆ ತೆರವಾಗುತ್ತದೆ. ಬ್ಯುಟೈಲ್ ರಬ್ಬರಿನಂತೆ ಲಕ್ಷಗಟ್ಟಲೆ ಅಣುತೂಕ ಬೇಕಾದಲ್ಲಿ ಈ ಮರಳಿಕೆ ನಡೆಯಲೇಬಾರದು. ಅದಕ್ಕಾಗಿಯೇ 1937ರಲ್ಲಿ ಸ್ಪಾರ್ಕ್ಸ್ ಮತ್ತು ಥಾಮಸ್ ಕಂಡುಹಿಡಿದ ಆ ರಬ್ಬರನ್ನು ಶೂನ್ಯಕ್ಕಿಂತ 100 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ, ಕರಗಿಸಿದ ಅಲ್ಯೂಮಿನಿಯಂ ಕ್ಲೋರೈಡಿನಿಂದ ಮಾಡಲಾಯಿತು.

ಇನ್ನೊಂದು ಅಡ್ಡಿ ಇಕ್ಕಟ್ಟಿನದು. ಘನಾಮ್ಲದ ಮೇಲ್ಮೈಯ ಬಹುಭಾಗ ಅದರ ರಂಧ್ರಗಳ ಒಳಗಿದೆ. ಜಿಯೊಲೈಟ್ ಎಂಬ ಹರಳಿನಂಥ ಅಲ್ಯೂಮಿನೊಸಿಲಿಕೇಟುಗಳಲ್ಲಿ ಈ ರಂಧ್ರಗಳ ಅಗಲ ಅರ್ಧದಿಂದ ಮುಕ್ಕಾಲು ನ್ಯಾನೊಮೀಟರ್. ಮಾನೊಮರ್ ಒಳಗೆ ಹೋಗಬಲ್ಲದು, ಆದರೆ ಅಲ್ಲಿ ಬೆಳೆದ ಸರಪಳಿ ಹೊರಬರಲಾರದೆ ದಾರಿಯನ್ನೇ ಮುಚ್ಚಿಬಿಡುತ್ತದೆ. 1992ರಲ್ಲಿ ಮೊಬಿಲ್ ಕಂಪನಿಯ ಸಂಶೋಧಕರು ಹಲವು ನ್ಯಾನೊಮೀಟರ್ ಅಗಲದ, ಸಾಲುಸಾಲಾದ ರಂಧ್ರಗಳಿರುವ ಸಿಲಿಕಾವನ್ನು ತಯಾರಿಸಿ ತೋರಿಸಿದ ಮೇಲೆ ದೊಡ್ಡ ಅಣುಗಳ ಮೇಲೆ ಕೆಲಸ ಮಾಡುವವರಿಗೆ ಹೊಸ ಬಗೆಯ ಆಧಾರಗಳು ದೊರೆತವು, ಆದರೂ ಒಳಗೆ ಹುಟ್ಟಿದ ಸರಪಳಿ ಹೊರಗೆ ತೆವಳಿ ಬರಬೇಕಾದ ಕಷ್ಟ ಪೂರ್ತಿ ನೀಗಿಲ್ಲ. ಓಕ್ಲಹೋಮಾದ ಫಿಲಿಪ್ಸ್ ಪೆಟ್ರೋಲಿಯಮ್ಮಿನ ಹೋಗನ್ ಮತ್ತು ಬ್ಯಾಂಕ್ಸ್ 1951ರಲ್ಲಿ ಪ್ರೊಪಿಲೀನನ್ನು ಪೆಟ್ರೋಲ್ ಮಾಡಲು ಹೊರಟು, ಸಿಲಿಕಾ ಅಲ್ಯೂಮಿನಾ ಆಧಾರದ ಮೇಲೆ ಕ್ರೋಮಿಯಂ ಆಕ್ಸೈಡ್ ಸೇರಿಸಿದಾಗ ಬಿಳಿಯ ಘನ ಪಾಲಿಪ್ರೊಪಿಲೀನ್ ಸಿಕ್ಕಿದ್ದು ಇದಕ್ಕೆ ಹತ್ತಿರದ ಕಥೆಯೇ; ಆದರೆ ಅಲ್ಲಿ ಸರಪಳಿಯನ್ನು ಬೆಳೆಸಿದ್ದು ಕ್ರೋಮಿಯಂ ಲೋಹವೇ ಹೊರತು ಆಧಾರದ ಆಮ್ಲತೆಯಲ್ಲ. ಆ ವಿಧಾನದಿಂದ ಮುಂದೆ ಪಾಲಿಎಥಿಲೀನ್ ತಯಾರಾಗತೊಡಗಿದಾಗ ಬೆಳೆಯುವ ಪಾಲಿಮರ್ ಆಧಾರವನ್ನೇ ಸಿಡಿಸಿ ಚೂರುಮಾಡುತ್ತಿತ್ತು, ಆ ಚೂರುಗಳು ಅತಿ ಅಲ್ಪವಾದುದರಿಂದ ಅವನ್ನು ಪ್ಲಾಸ್ಟಿಕ್ಕಿನಲ್ಲೇ ಬಿಡಲಾಗುತ್ತದೆ.

ಗಿಡ್ಡ ಸರಪಳಿಯೇ ಬೇಕಾದ ಸಂದರ್ಭವೊಂದಿದ್ದರೆ ಘನಾಮ್ಲದ ಈ ದೌರ್ಬಲ್ಯ ದೌರ್ಬಲ್ಯವಾಗಿ ಉಳಿಯುವುದಿಲ್ಲ. ಅಂಥ ಸಂದರ್ಭ ಬಂದದ್ದು ಹಿಗ್ಗುವ ಬಟ್ಟೆಯ ನೂಲಿನ ಮೂಲಕ. ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಸ್ಪ್ಯಾಂಡೆಕ್ಸ್ ನೂಲು, ಲೈಕ್ರಾ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾದದ್ದು, ತನ್ನ ಉದ್ದದ ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಅದರ ಅಣುವಿನಲ್ಲಿ ಗಟ್ಟಿಯಾದ ಯೂರಿಯಾ ಭಾಗಗಳೂ ಮೆತ್ತನೆಯ ಭಾಗಗಳೂ ಒಂದಾದ ಮೇಲೊಂದು ಬರುತ್ತವೆ. ಗಟ್ಟಿ ಭಾಗಗಳು ಒಂದಕ್ಕೊಂದು ಅಂಟಿ ಗಂಟಿನಂತೆ ಹಿಡಿದಿಡುತ್ತವೆ, ಸುರುಳಿಯಾಗಿರುವ ಮೆತ್ತನೆಯ ಭಾಗಗಳು ಎಳೆದಾಗ ಬಿಚ್ಚಿಕೊಳ್ಳುತ್ತವೆ. ಈ ಮೆತ್ತನೆಯ ಭಾಗಕ್ಕೆ ಹೆಚ್ಚಾಗಿ ಬಳಕೆಯಾಗುವುದು ಪಾಲಿಟೆಟ್ರಾಹೈಡ್ರೊಫ್ಯುರಾನ್ ಎಂಬ, ಸಂಕ್ಷಿಪ್ತವಾಗಿ ಪಾಲಿಟಿಎಚ್ಎಫ್ ಎನ್ನುವ ಪಾಲಿಮರ್. ಅದರ ಅಣುತೂಕ ಸುಮಾರು 1000ದಿಂದ 2000ದಷ್ಟಿದ್ದರೆ ಸಾಕು, ಅಂದರೆ ಹದಿನಾಲ್ಕರಿಂದ ಇಪ್ಪತ್ತೆಂಟು ಘಟಕಗಳು. ಹೆಚ್ಚು ಉದ್ದವಾದರೆ ಅದು ಚಳಿಯಲ್ಲಿ ಹರಳುಗಟ್ಟಿ ನೂಲಿನ ಮೃದುತ್ವವನ್ನು ಕೆಡಿಸುತ್ತದೆ. ಆದರೆ ಪ್ರತಿ ಸರಪಳಿಯ ಎರಡೂ ತುದಿಗಳಲ್ಲಿ ಹೈಡ್ರಾಕ್ಸಿಲ್ ಗುಂಪು ಇರಲೇಬೇಕು, ಏಕೆಂದರೆ ಆ ತುದಿಗಳಲ್ಲೇ ಮುಂದಿನ ಬೆಸುಗೆ ನಡೆಯುವುದು.

ಟೆಟ್ರಾಹೈಡ್ರೊಫ್ಯುರಾನ್ ಅಥವಾ ಟಿಎಚ್ಎಫ್ ನಾಲ್ಕು ಇಂಗಾಲ ಮತ್ತು ಒಂದು ಆಮ್ಲಜನಕ ಸೇರಿದ ಐದು ಕೋನದ ಉಂಗುರ, 66 ಡಿಗ್ರಿಗೆ ಕುದಿಯುವ ದ್ರವ. ಜರ್ಮನಿಯ ಹಾನ್ಸ್ ಮೀರ್‌ವೈನ್ 1930ರ ದಶಕದ ಉತ್ತರಾರ್ಧದಲ್ಲಿ ಇದರ ಉಂಗುರವನ್ನು ಬಿಡಿಸಿ ಸರಪಳಿಯಾಗಿಸಬಹುದೆಂದು ತೋರಿಸಿದರು. ಆಮ್ಲವು ಉಂಗುರದ ಆಮ್ಲಜನಕಕ್ಕೆ ಧನ ವಿದ್ಯುದಂಶ ತಂದುಕೊಟ್ಟಾಗ ಪಕ್ಕದ ಇಂಗಾಲದ ಬಂಧ ದುರ್ಬಲವಾಗುತ್ತದೆ. ಇನ್ನೊಂದು ಉಂಗುರದ ಆಮ್ಲಜನಕ ಆ ಇಂಗಾಲವನ್ನು ಹಿಡಿದಾಗ ಮೊದಲ ಉಂಗುರ ಬಿಚ್ಚಿಕೊಂಡು ನೇರವಾಗುತ್ತದೆ, ವಿದ್ಯುದಂಶ ಎರಡನೆಯದಕ್ಕೆ ವರ್ಗವಾಗುತ್ತದೆ. ಐದು ಕೋನದ ಉಂಗುರದಲ್ಲಿ ಒತ್ತಡ ಕಡಿಮೆಯಾದ್ದರಿಂದ ಬಿಚ್ಚಿಕೊಳ್ಳುವ ತವಕವೂ ಕಡಿಮೆ: ಸುಮಾರು 80 ಡಿಗ್ರಿಗಿಂತ ಮೇಲೆ ಸರಪಳಿ ಉಳಿಯುವುದೇ ಇಲ್ಲ, ಅದಕ್ಕಿಂತ ಕೆಳಗೂ ಕ್ರಿಯೆ ಒಂದು ಮಟ್ಟಕ್ಕೆ ಬಂದು ಸಮತೋಲನದಲ್ಲಿ ನಿಂತುಬಿಡುತ್ತದೆ. ಪಾತ್ರೆಯಲ್ಲಿ ಯಾವಾಗಲೂ ಒಂದಿಷ್ಟು ಟಿಎಚ್ಎಫ್ ಉಳಿದೇ ಇರುತ್ತದೆ, ಅದನ್ನು ಆವಿಯಾಗಿಸಿ ಮರಳಿ ಬಳಸಬೇಕು.

ಮೊದಲ ಕಾಲದ ವಿಧಾನದಲ್ಲಿ ಇದಕ್ಕೆ ಫ್ಲೂರೊಸಲ್ಫೊನಿಕ್ ಆಮ್ಲವನ್ನು ಬಳಸಲಾಗುತ್ತಿತ್ತು. ಅದು ಅತಿ ಪ್ರಬಲವಾದ ದ್ರವಾಮ್ಲ. ಸರಪಳಿಗಳನ್ನು ಬೇಗ ಕಟ್ಟುತ್ತದೆ, ಆದರೆ ಅವುಗಳ ತುದಿಗಳಲ್ಲಿ ಗಂಧಕದ ಎಸ್ಟರ್ ಗುಂಪುಗಳನ್ನು ಬಿಡುತ್ತದೆ. ನೀರು ಹಾಕಿ ಕುದಿಸಿ ಅವನ್ನು ಕಿತ್ತು ಹೈಡ್ರಾಕ್ಸಿಲ್ ಮಾಡಬೇಕು, ಆಗ ಗಂಧಕಾಮ್ಲವೂ ಹೈಡ್ರೊಫ್ಲೂರಿಕ್ ಆಮ್ಲವೂ ಸೇರಿದ, ಉಕ್ಕನ್ನು ತಿನ್ನುವ ತ್ಯಾಜ್ಯ ಹುಟ್ಟುತ್ತದೆ, ಅದನ್ನು ಸುಣ್ಣದಿಂದ ತಟಸ್ಥಗೊಳಿಸಬೇಕು. ಇದಕ್ಕೂ ಮಿಗಿಲಾದ ತೊಡಕು ಮೇಲೆ ಹೇಳಿದ ಸಮತೋಲನದ್ದು. ಆಮ್ಲವು ಇನ್ನೂ ಒಳಗಿರುವಾಗಲೇ ಉಳಿದ ಟಿಎಚ್ಎಫ್ ತೆಗೆಯಲು ಬಿಸಿ ಮಾಡಿದರೆ, ಅದೇ ಆಮ್ಲ ಸರಪಳಿಯನ್ನು ಹಿಂದಿನಿಂದ ಬಿಚ್ಚತೊಡಗಿ ಕಟ್ಟಿದ್ದನ್ನೆಲ್ಲ ಮತ್ತೆ ಉಂಗುರ ಮಾಡಿಬಿಡಬಲ್ಲದು.

ಜರ್ಮನಿಯ ಬಿಎಎಸ್ಎಫ್ ಕಂಪನಿ ಬೆಳೆಸಿದ ವಿಧಾನದಲ್ಲಿ ಕೆಲಸ ಆಮ್ಲದಿಂದ ಹದಗೊಂಡ ಜೇಡಿಮಣ್ಣಿನ ಬಗೆಯ ಅಲ್ಯೂಮಿನೊಸಿಲಿಕೇಟ್‌ಗೆ ಬಂತು. ಮಣ್ಣಿನ ಆಮ್ಲತಾಣಗಳು ಫ್ಲೂರೊಸಲ್ಫೊನಿಕ್ ಆಮ್ಲದಷ್ಟು ಪ್ರಬಲವಲ್ಲ, ಟಿಎಚ್ಎಫ್ ಉಂಗುರವನ್ನು ಅವು ತಾವಾಗಿಯೇ ಬೇಗ ತೆರೆಯಲಾರವು. ಆದ್ದರಿಂದ ಅಸಿಟಿಕ್ ಅನ್‌ಹೈಡ್ರೈಡ್ ಎಂಬ ದ್ರವವನ್ನು ಜೊತೆಗೆ ಬೆರೆಸಲಾಗುತ್ತದೆ. ಅಸಿಟಿಕ್ ಆಮ್ಲದ ಎರಡು ಅಣುಗಳು ನೀರನ್ನು ಬಿಟ್ಟು ಕೂಡಿಕೊಂಡಂಥ ಈ ಅಣುವನ್ನು ಮಣ್ಣಿನ ಆಮ್ಲ ಎರಡಾಗಿ ಸೀಳುತ್ತದೆ. ಒಂದು ಭಾಗವಾದ ಅಸಿಟೈಲ್ ಗುಂಪು ಧನ ವಿದ್ಯುದಂಶದೊಡನೆ ಟಿಎಚ್ಎಫ್‌ನ ಆಮ್ಲಜನಕವನ್ನು ಹಿಡಿಯುತ್ತದೆ, ಅಲ್ಲಿಂದ ಉಂಗುರಗಳು ಒಂದೊಂದಾಗಿ ಬಿಚ್ಚಿ ಸೇರುತ್ತ ಹೋಗುತ್ತವೆ. ಬೆಳೆಯುತ್ತಿರುವ ತುದಿ ಮತ್ತೊಂದು ಅನ್‌ಹೈಡ್ರೈಡನ್ನು ಸಂಧಿಸಿದಾಗ ಅದರ ಅಸಿಟೇಟ್ ಭಾಗವನ್ನು ತೆಗೆದುಕೊಂಡು ನಿಲ್ಲುತ್ತದೆ, ಉಳಿದ ಅಸಿಟೈಲ್ ಹೊಸ ಸರಪಳಿಯನ್ನು ಆರಂಭಿಸುತ್ತದೆ. ಹೀಗೆ ಅನ್‌ಹೈಡ್ರೈಡ್ ಸರಪಳಿಯನ್ನು ಆರಂಭಿಸುವುದೂ ಮುಗಿಸುವುದೂ ಎರಡನ್ನೂ ಮಾಡುವುದರಿಂದ, ಟಿಎಚ್ಎಫ್‌ಗೆ ಎಷ್ಟು ಅನ್‌ಹೈಡ್ರೈಡ್ ಬೆರೆಸಿದೆ ಎಂಬ ಲೆಕ್ಕವೇ ಸರಪಳಿಯ ಉದ್ದವನ್ನು ನಿಯಂತ್ರಿಸುತ್ತದೆ. ಸರಪಳಿಯ ಎರಡೂ ತುದಿಗಳು ಅಸಿಟೇಟಿನಿಂದ ಮುಚ್ಚಿ, ಮಣ್ಣಿನ ಹಿಡಿತದಿಂದ ಬಿಡುಗಡೆಯಾಗಿ ದ್ರವದಲ್ಲಿ ತೇಲಿ ಹೋಗುತ್ತವೆ. ಘನದ ಮೇಲೆ ಸರಪಳಿ ಕಟ್ಟುವವರು ಎದುರಿಸುವ ಮುಖ್ಯ ಪ್ರಶ್ನೆ ಸರಪಳಿ ಹೇಗೆ ಬೆಳೆಯಬೇಕು ಎಂಬುದಕ್ಕಿಂತ ಹೇಗೆ ಹೊರಟು ಹೋಗಬೇಕು ಎಂಬುದು. ಅದಕ್ಕೆ ಇಷ್ಟು ಅಚ್ಚುಕಟ್ಟಾದ ಉತ್ತರ ದೊರೆತ ಸಂದರ್ಭಗಳು ವಿರಳ.

ಇದಾದ ಮೇಲೆ ದ್ರವವನ್ನು ಸೋಸಿದರೆ ಅಥವಾ ಮಣ್ಣಿನ ಉಂಡೆಗಳನ್ನು ತುಂಬಿದ ಕೊಳವೆಯಿಂದ ಹೊರಗೆ ಹರಿಸಿದರೆ ಆಮ್ಲ ಹಿಂದೆಯೇ ಉಳಿಯುತ್ತದೆ. ಆಮ್ಲವಿಲ್ಲದ ದ್ರವವನ್ನು ನಿರ್ಭಯವಾಗಿ ಬಿಸಿ ಮಾಡಿ ಉಳಿದ ಟಿಎಚ್ಎಫ್ ಅನ್ನು ಬಟ್ಟಿ ಇಳಿಸಬಹುದು, ಸರಪಳಿ ಬಿಚ್ಚಿಕೊಳ್ಳುವುದಿಲ್ಲ. ತೊಳೆಯುವ ಖರ್ಚು ಉಳಿಯಿತೆಂಬುದಕ್ಕಿಂತ ಇದು ಹೆಚ್ಚಿನ ಲಾಭ, ಏಕೆಂದರೆ ಆಮ್ಲವನ್ನು ಕ್ಷಾರದಿಂದ ಕೊಲ್ಲದೆಯೇ ಕ್ರಿಯೆಯನ್ನು ಬೇಕಾದ ಕ್ಷಣಕ್ಕೆ ನಿಲ್ಲಿಸುವ ಅಧಿಕಾರ ಇಲ್ಲಿ ಕೈಗೆ ಬರುತ್ತದೆ. ಕೊನೆಯ ಹಂತದಲ್ಲಿ ಮೆಥನಾಲ್ ಮತ್ತು ಸ್ವಲ್ಪ ಸೋಡಿಯಂ ಮೆಥಾಕ್ಸೈಡ್ ಬೆರೆಸಿದಾಗ ಅಸಿಟೇಟ್ ತುದಿಗಳು ಕಳಚಿ ಹೈಡ್ರಾಕ್ಸಿಲ್ ಆಗುತ್ತವೆ, ಮಾರಬಹುದಾದ ಮೆಥೈಲ್ ಅಸಿಟೇಟ್ ಪಕ್ಕದ ಉತ್ಪನ್ನವಾಗಿ ದೊರೆಯುತ್ತದೆ.

ಜೇಡಿಮಣ್ಣಿಗಿಂತ ಪ್ರಬಲವಾದ ಘನಾಮ್ಲ ಬೇಕೆನ್ನುವವರಿಗೆ ಮೂರನೆಯ ಬಗೆ, ಅಂದರೆ ಆಮ್ಲದ ಗುಂಪನ್ನು ಘನಕ್ಕೆ ಹೊಲಿಯುವ ದಾರಿ ಇದೆ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳಗಳು ಅಯಾನುಗಳನ್ನು ಬದಲಾಯಿಸಿಕೊಳ್ಳಬಲ್ಲವೆಂದು ತೋರಿಸಿದ ಮೇಲೆ, 1940ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಡಾಲಿಲಿಯೊ ಪಾಲಿಸ್ಟೈರೀನ್ ಮಣಿಗಳಿಗೆ ಸಲ್ಫೊನಿಕ್ ಆಮ್ಲದ ಗುಂಪುಗಳನ್ನು ಜೋಡಿಸಿದರು. ಇಂಥ ರಾಳದ ಮೇಲೆಯೇ ಇಂದು ಫೀನಾಲ್ ಮತ್ತು ಅಸಿಟೋನ್ ಕೂಡಿ ಬಿಸ್‌ಫೀನಾಲ್ ಎ ಆಗುತ್ತದೆ, ಅದರಿಂದ ಪಾಲಿಕಾರ್ಬೊನೇಟ್ ಮತ್ತು ಎಪಾಕ್ಸಿ ರಾಳಗಳು ತಯಾರಾಗುತ್ತವೆ. ಒಂದು ಪಾಲಿಮರ್ ಮತ್ತೊಂದು ಪಾಲಿಮರಿನ ಮಾನೊಮರನ್ನು ಕಟ್ಟುವ ಕ್ರಿಯಾವರ್ಧಕವಾಗಿದೆ. ಆದರೆ ಪಾಲಿಸ್ಟೈರೀನ್ ಮಣಿ 120ರಿಂದ 150 ಡಿಗ್ರಿಯ ಮೇಲೆ ತನ್ನ ಆಮ್ಲದ ಗುಂಪುಗಳನ್ನು ಉದುರಿಸತೊಡಗುತ್ತದೆ. 1960ರ ದಶಕದಲ್ಲಿ ಡ್ಯುಪಾಂಟಿನ ವಾಲ್ಟರ್ ಗ್ರೋಟ್ ತಯಾರಿಸಿದ ನೇಫಿಯಾನ್ ಎಂಬ ರಾಳದಲ್ಲಿ ಹೈಡ್ರೊಜನ್ ಬದಲು ಫ್ಲೂರಿನ್ ಇರುವುದರಿಂದ ಅದು ಶಾಖವನ್ನು ತಾಳುತ್ತದೆ, ಅದರ ಆಮ್ಲತೆಯೂ ಶುದ್ಧ ಗಂಧಕಾಮ್ಲದ ಮಟ್ಟಕ್ಕೆ ಬರುತ್ತದೆ. ಟಿಎಚ್ಎಫ್ ಅನ್ನು ಅನ್‌ಹೈಡ್ರೈಡಿನೊಡನೆ ಪಾಲಿಮರ್ ಮಾಡಲು ಇದನ್ನೂ ಬಳಸಲಾಯಿತು. ನೇಫಿಯಾನ್ ಮಣಿಯ ಒಂದು ಗ್ರಾಮಿಗೆ ಇರುವ ಮೇಲ್ಮೈ ಒಂದು ಚದರ ಮೀಟರಿನ ಐವತ್ತನೆಯ ಒಂದು ಭಾಗ ಮಾತ್ರ, ಅಂದರೆ ಆಮ್ಲದ ಬಹುಪಾಲು ಮಣಿಯ ಒಳಗೆ ನಿರುಪಯುಕ್ತವಾಗಿ ಹೂತಿರುತ್ತದೆ. 1996ರಲ್ಲಿ ಅದೇ ಕಂಪನಿಯ ಮಾರ್ಕ್ ಹಾರ್ಮರ್ ಮತ್ತು ಸಂಗಡಿಗರು ನೇಫಿಯಾನಿನ ಕೆಲವೇ ಹತ್ತು ನ್ಯಾನೊಮೀಟರ್ ಗಾತ್ರದ ಕಣಗಳನ್ನು ಸಿಲಿಕಾದ ರಂಧ್ರಮಯ ಜಾಲದಲ್ಲಿ ಹರಡಿ, ನೂರಾರು ಚದರ ಮೀಟರ್ ಮೇಲ್ಮೈ ಪಡೆದರು. ಅಲ್ಲಿ ಆಮ್ಲದ ಪ್ರಮಾಣ ಕಡಿಮೆಯಾಗಿ ಕೆಲಸ ಹೆಚ್ಚಾಯಿತು.

ಬೋರಾನ್ ಟ್ರೈಫ್ಲೂರೈಡಿನಂಥ ಅನಿಲವನ್ನು ಸಹ ಸಿಲಿಕಾದ ಮೇಲೆ ಕೂರಿಸಬಹುದೆಂದು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಜೇಮ್ಸ್ ಕ್ಲಾರ್ಕ್ ಅವರ ತಂಡ ತೋರಿಸಿದೆ. ಸಿಲಿಕಾದ ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪು ಬೋರಾನನ್ನು ಹಿಡಿದುಕೊಂಡಾಗ ಅದರ ಪ್ರೋಟಾನ್ ಸಡಿಲಗೊಂಡು ಪ್ರಬಲ ಆಮ್ಲತಾಣ ಉಂಟಾಗುತ್ತದೆ. ಅಂಟುಪಟ್ಟಿಗಳಿಗೂ ರಸ್ತೆಯ ಬಣ್ಣಗಳಿಗೂ ಬೇಕಾದ ಹೈಡ್ರೊಕಾರ್ಬನ್ ರಾಳಗಳನ್ನು ಸ್ಟೈರೀನಿನಂಥ ಮಾನೊಮರ್‌ಗಳಿಂದ ಮಾಡುವಾಗ ಅಣುತೂಕ ಸಾವಿರದ ಆಸುಪಾಸಿನಲ್ಲಿದ್ದರೆ ಸಾಕಾದ್ದರಿಂದ ಇಂಥ ಕ್ರಿಯಾವರ್ಧಕಗಳಿಗೆ ಅದು ಒಪ್ಪುವ ಕ್ಷೇತ್ರ. ಆದರೆ ಹೊರಗಿನಿಂದ ಕೂರಿಸಿದ ಆಮ್ಲ ನಿಜವಾಗಿಯೂ ಕುಳಿತೇ ಇದೆಯೇ, ಇಲ್ಲ ಸ್ವಲ್ಪಸ್ವಲ್ಪವಾಗಿ ಕರಗಿ ಹೋಗಿ ದ್ರವದಲ್ಲಿದ್ದುಕೊಂಡೇ ಕೆಲಸ ಮಾಡುತ್ತಿದೆಯೇ ಎಂಬ ಸಂದೇಹವನ್ನು ಪ್ರತಿ ಸಲವೂ ಪರೀಕ್ಷಿಸಬೇಕು. ಅದಕ್ಕಿರುವ ಪರೀಕ್ಷೆ ಸರಳ: ಕ್ರಿಯೆ ಅರ್ಧ ನಡೆದಿರುವಾಗ, ದ್ರವ ಇನ್ನೂ ಬಿಸಿಯಾಗಿರುವಾಗಲೇ ಘನವನ್ನು ಸೋಸಿ ತೆಗೆಯಬೇಕು, ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಆಮ್ಲ ಆಧಾರವನ್ನು ಬಿಟ್ಟು ಓಡಿದೆ ಎಂದರ್ಥ. ಈ ಪರೀಕ್ಷೆಯ ಫಲಿತಾಂಶವಿಲ್ಲದ ಘನಾಮ್ಲದ ವರದಿಯನ್ನು ನಂಬುವುದು ಕಷ್ಟ.

ದುಬಾರಿ ರಾಳಗಳ ಈ ದಾರಿಗೆ ಎದುರಾಗಿ, ಅಲ್ಜೀರಿಯದ ಪಶ್ಚಿಮದಲ್ಲಿ ಮೊರೊಕ್ಕೊ ಗಡಿಯ ಬಳಿ ಇರುವ ಮಗ್ನಿಯಾ ಎಂಬ ಊರಿನ ಬೆಂಟೊನೈಟನ್ನು ಹಿಡಿದು ಓರಾನ್ ವಿಶ್ವವಿದ್ಯಾಲಯದ ಮೊಹಮ್ಮದ್ ಬೆಲ್‌ಬಾಷೀರ್ ಮತ್ತು ಅವರ ಶಿಷ್ಯರು ಹಲವು ವರ್ಷ ಕೆಲಸ ಮಾಡಿದ್ದಾರೆ. ಆ ಮಣ್ಣನ್ನು ಗಂಧಕಾಮ್ಲದ ತೆಳು ದ್ರಾವಣದಲ್ಲಿ ಕಲಕಿ, ಸಲ್ಫೇಟ್ ಪೂರ್ತಿ ಹೋಗುವ ತನಕ ನೀರಿನಲ್ಲಿ ತೊಳೆದು, 100 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರೆ ಮಗ್ನೈಟ್ ಎಂದು ಅವರು ಹೆಸರಿಟ್ಟ ಕ್ರಿಯಾವರ್ಧಕ ಸಿದ್ಧ. ಸ್ಟೈರೀನ್, ಐಸೊಬ್ಯುಟಿಲೀನ್, ಎಪಿಕ್ಲೋರೊಹೈಡ್ರಿನ್, ಟಿಎಚ್ಎಫ್ ಮೊದಲಾದ ಅನೇಕ ಮಾನೊಮರ್‌ಗಳನ್ನು ಅದರಿಂದ ಸರಪಳಿಯಾಗಿಸಿ ತೋರಿಸಲಾಗಿದೆ. ಆಮದಾದ ಆಮ್ಲಕ್ಕೂ ಸಂಕೀರ್ಣ ಉಪಕರಣಕ್ಕೂ ಕಾಯದೆ ತಮ್ಮ ನೆಲದಲ್ಲಿ ಸಿಗುವ ಮಣ್ಣಿನಿಂದ ಒಂದು ಸಂಶೋಧನಾ ಪರಂಪರೆಯನ್ನೇ ಬೆಳೆಸಿದ ಈ ಪ್ರಯತ್ನ ಗೌರವಕ್ಕೆ ಅರ್ಹವಾದದ್ದು, ಗುಜರಾತಿನ ಕಚ್ಛ್‌ನಲ್ಲಿ ಬೆಂಟೊನೈಟಿನ ದೊಡ್ಡ ನಿಕ್ಷೇಪಗಳನ್ನು ಇಟ್ಟುಕೊಂಡಿರುವ ಭಾರತಕ್ಕಂತೂ ಅದು ಹತ್ತಿರದ ವಿಷಯ.

ಮಣ್ಣಿನ ಮತ್ತೊಂದು ಅನುಕೂಲ ಅದು ದಣಿದಾಗ ಕಾಣುತ್ತದೆ. ಬಹುಕಾಲ ಕೆಲಸ ಮಾಡಿದ ಆಮ್ಲತಾಣಗಳ ಮೇಲೆ ಕವಲೊಡೆದ, ಕಪ್ಪಾದ ಸಾವಯವ ಶೇಷ ಕೂರುತ್ತದೆ, ಮಾನೊಮರಿನೊಡನೆ ಬಂದ ನೀರೂ ಕ್ಷಾರೀಯ ಕಲ್ಮಷಗಳೂ ಪ್ರೋಟಾನ್‌ಗಳನ್ನು ಕಟ್ಟಿಹಾಕುತ್ತವೆ. ರಾಳದ ಮಣಿಗಳಿಗೆ ಅಂಟಿದ ಶೇಷವನ್ನು ಸುಟ್ಟು ತೆಗೆಯಲಾಗದು, ಮಣಿಯೇ ಸುಟ್ಟುಹೋಗುತ್ತದೆ. ಮಣ್ಣನ್ನು ಗಾಳಿಯಲ್ಲಿ ಎಚ್ಚರಿಕೆಯಿಂದ ಕಾಯಿಸಿದರೆ ಶೇಷ ಉರಿದುಹೋಗಿ ತಾಣಗಳಲ್ಲಿ ಕೆಲವಾದರೂ ಮತ್ತೆ ತೆರೆದುಕೊಳ್ಳುತ್ತವೆ. ತಾಪ 600 ಡಿಗ್ರಿಯನ್ನು ದಾಟಿದರೆ ಮಾತ್ರ ಹಾಳೆಗಳೊಳಗಿನ ಹೈಡ್ರಾಕ್ಸಿಲ್ ಗುಂಪುಗಳು ನೀರಾಗಿ ಹೊರಟುಹೋಗಿ ಪದರಗಳ ರಚನೆ ಕುಸಿಯುತ್ತದೆ, ಮತ್ತೆ ಎಷ್ಟು ಆಮ್ಲ ಕುಡಿಸಿದರೂ ಆ ಮಣ್ಣು ಮೊದಲಿನ ಕೆಲಸಕ್ಕೆ ಬರುವುದಿಲ್ಲ.